ಪಿನ್ನರ್‌ನ ಅರ್ಲೀನ್ ಮತ್ತು ಬದಲಾಗದ ಕೊನೆಯ ಪುಟ

ಲಂಡನ್ನಿಗೆ ಹೋಗಿ ಬಂದವರನ್ನು ನಮ್ಮ ಹುಬ್ಬಳ್ಳಿಯಲ್ಲಿ ಮೊದಲು ಕೇಳುವುದು ರಾಣಿಯ ಅರಮನೆಯ ಬಗ್ಗೆ. ನಾನು ಅದನ್ನು ನೋಡಲಿಲ್ಲ. ದೊಡ್ಡ ಗಡಿಯಾರವನ್ನೂ ನೋಡಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಒಮ್ಮೆ ಥೇಮ್ಸ್ ನದಿ ಕಂಡಿತು, ಆದರೆ ಅಷ್ಟರಲ್ಲಿ ಪಕ್ಕದವನು ಪತ್ರಿಕೆ ಅಗಲಿಸಿ ಹಿಡಿದ. ಆ ಊರಿನಲ್ಲಿ ನಾನು ಬಹುಪಾಲು ಹೊತ್ತು ಕಳೆದದ್ದು ಎರಡು ಅಡುಗೆಮನೆಗಳಲ್ಲಿ. ಒಂದು ಗೆಳತಿ ಲವೀನಾಳದು, ಇಲ್ಫರ್ಡ್‌ನಲ್ಲಿ. ಇನ್ನೊಂದು ಅರ್ಲೀನ್ ಮೋಟ್ ಅವರದು, ಪಿನ್ನರ್‌ನಲ್ಲಿ. ಅರಮನೆ ನೋಡದಿದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ.

ಅರ್ಲೀನ್ ಮೋಟ್ ಎಂದರೆ ಯಾರು ಎಂದು ಹೇಳಬೇಕು. ಅಮೆರಿಕದ ಕಾದಂಬರಿಗಾರ್ತಿ. ನಡುವಯಸ್ಸು ದಾಟಿದ ಮೇಲೆ ಲಂಡನ್ನಿಗೆ ಬಂದು ನೆಲೆಸಿದವರು. ನಾನು ಹೋಗುವ ಹೊತ್ತಿಗೆ ಎಪ್ಪತ್ತು ದಾಟಿತ್ತು. ಅವರ ‘ಮಂಗಳವಾರದ ಚಾಕುಗಳು’ ಎಂಬ ಕಾದಂಬರಿ ಹಳೆಯ ಪುಸ್ತಕದ ಗಾಡಿಯೊಂದರಲ್ಲಿ ರಟ್ಟು ಕಿತ್ತುಹೋದ ಸ್ಥಿತಿಯಲ್ಲಿ ನನಗೆ ಸಿಕ್ಕಿತ್ತು. ಮಹಿಳಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತ, ರಜೆಗಳಲ್ಲಿ ಕೂತು, ಅದನ್ನು ಕನ್ನಡಕ್ಕೆ ತಂದಿದ್ದೆ. ಕತೆ ಇಷ್ಟು: ಮಾಂಸ ಪ್ಯಾಕ್ ಮಾಡುವ ಕಾರ್ಖಾನೆಯೊಂದರಲ್ಲಿ ಐರಿಸ್ ಎಂಬ ಹೆಂಗಸು ಕೆಲಸ ಮಾಡುತ್ತಾಳೆ. ಕತ್ತರಿಸುವ ಚಾಕುಗಳನ್ನು ಅಲ್ಲಿ ಮಂಗಳವಾರ ಸಾಣೆ ಹಿಡಿಯುತ್ತಾರೆ. ಅಂಥದೊಂದು ಮಂಗಳವಾರ ಆಕೆ ತನ್ನ ಚಾಕುವನ್ನು ಸಾಣೆಯವನ ಕೈಗೆ ಕೊಟ್ಟು, ವಾಪಸ್ ಇಸಿದುಕೊಳ್ಳದೆ, ಗಂಡನನ್ನೂ ಇಬ್ಬರು ಮಕ್ಕಳನ್ನೂ ಬಿಟ್ಟು ಬಸ್ ಹತ್ತುತ್ತಾಳೆ. ಗಂಡ ಕುಡುಕನಲ್ಲ, ಹೊಡೆಯುವವನೂ ಅಲ್ಲ. ಕೊನೆಯ ಪುಟದಲ್ಲಿ ಆಕೆ ಯಾವುದೋ ಬಸ್ ನಿಲ್ದಾಣದ ಹೋಟೆಲಿನಲ್ಲಿ ಕೂತು ಮೊಟ್ಟೆ, ಆಲೂಗಡ್ಡೆ ತಿಂದು, ಇನ್ನೊಂದು ತುಂಡು ಬ್ರೆಡ್ ಕೇಳುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಬೆಂಗಳೂರಿನ ಪ್ರಕಾಶಕರು ಹಸ್ತಪ್ರತಿ ಓದಿ ಫೋನ್ ಮಾಡಿದ್ದರು. “ಮೇಡಂ, ಭಾಷೆ ತುಂಬಾ ಚೆನ್ನಾಗಿದೆ. ಆದ್ರೆ ಆ ಕೊನೆ ಪುಟ ನಮ್ ಓದುಗ್ರಿಗೆ ಒಗ್ಗಲ್ಲ. ತಿರ್ಗಾ ಬಸ್ ಹತ್ತಿ ಮನೆಗೆ ಬರ್ಲಿ. ಅದಾಗ್ಲಿಲ್ವಾ, ಒಂದು ಹನಿ ಕಣ್ಣೀರಾದ್ರೂ ಹಾಕ್ಲಿ. ಲೇಖಕಿ ಹತ್ರ ಪರ್ಮಿಷನ್ ತಗೊಂಬನ್ನಿ, ಮಾರನೇ ದಿನವೇ ಪ್ರೆಸ್ಸಿಗೆ ಕಳಿಸ್ತೀನಿ.”

ಆ ವರ್ಷ ಲಂಡನ್ನಿನಲ್ಲಿ ಅನುವಾದಕರ ಕಮ್ಮಟವೊಂದಕ್ಕೆ ನನ್ನನ್ನು ಕರೆದಿದ್ದರು. ಹೊಸ ಶತಮಾನ ಶುರುವಾಗಿ ಇನ್ನೂ ಅದರ ಸಡಗರ ಇಳಿದಿರಲಿಲ್ಲ. ಕಮ್ಮಟ ಮುಗಿಸಿಕೊಂಡು, ಆ ಒಂದು ಹನಿ ಕಣ್ಣೀರಿನ ಅನುಮತಿ ಕೇಳಲು ನಾನು ಅಲ್ಲೇ ಉಳಿದುಕೊಂಡೆ.

ಇಲ್ಫರ್ಡ್

ಲವೀನಾ ಉಡುಪಿ ಕಡೆಯ ಕೊಂಕಣಿ ಕ್ರೈಸ್ತರವಳು. ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ. ಅಲ್ಲಿ ನನ್ನ ಜೋಳದ ರೊಟ್ಟಿಗೂ ಅವಳ ಒಣಮೀನಿನ ಚಟ್ನಿಗೂ ದಿನಾ ಜಗಳ, ದಿನಾ ರಾಜಿ. ಈಗ ಇಲ್ಫರ್ಡ್‌ನ ಶಾಲೆಯೊಂದರ ಅಡುಗೆಮನೆ ನಡೆಸುತ್ತಾಳೆ. ಗಂಡ ಆಲ್ವಿನ್ ಬಸ್ ಡಿಪೋದಲ್ಲಿದ್ದಾನೆ. ಮಗಳು ರೀನಾ ಹೈಸ್ಕೂಲು. ಅವಳಿಗೆ ಕನ್ನಡ, ಕೊಂಕಣಿ ಎರಡೂ ತಿಳಿಯುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಒಂದಕ್ಕೊಂದು ಗೋಡೆ ಅಂಟಿಸಿಕೊಂಡ ಮನೆಗಳ ಸಾಲು. ನಮ್ಮ ರೈಲ್ವೆ ಕ್ವಾರ್ಟರ್ಸ್‌ಗೆ ಮಹಡಿ ಕಟ್ಟಿ ಕರ್ಟನ್ ಹಾಕಿದಂತಿತ್ತು. ಬಾತ್‌ರೂಮಿನಲ್ಲಿ ಬಿಸಿನೀರಿಗೊಂದು ನಲ್ಲಿ, ತಣ್ಣೀರಿಗೊಂದು ನಲ್ಲಿ. ಒಂದು ಕೈ ಸುಡುತ್ತದೆ, ಇನ್ನೊಂದು ಮರಗಟ್ಟುತ್ತದೆ. ಅರ್ಧ ಜಗತ್ತನ್ನು ಆಳಿದವರಿಗೆ ಎರಡು ನೀರನ್ನು ಒಂದು ಕೊಳವೆಯಲ್ಲಿ ಸೇರಿಸಲು ಯಾಕೆ ಆಗಲಿಲ್ಲವೋ.

ಮೊದಲ ಬೆಳಿಗ್ಗೆಯೇ ನಾನು ಸಾರಿಗೆ ಒಗ್ಗರಣೆ ಹಾಕಲು ಹೋಗಿ ಹೊಗೆಯ ಅಲಾರಾಂ ಕಿರುಚತೊಡಗಿತು. ಆಲ್ವಿನ್ ಸ್ಟೂಲ್ ಹತ್ತಿ ಟವೆಲ್ ಬೀಸಿದ. ಪಕ್ಕದ ಮನೆಯ ಪಂಜಾಬಿ ಅಜ್ಜಿ ಗೋಡೆಯನ್ನು ಕುಟ್ಟಿದಳು. ಬೈಗುಳ ಇರಬೇಕೆಂದು ನಾನು ಹೆದರಿದೆ. ಲವೀನಾ ನಕ್ಕಳು.

“ಬೈಯುವುದಲ್ಲ ಮಾರಾಯ್ತಿ. ಬೆಂಕಿಯಾ, ಒಗ್ಗರಣೆಯಾ ಅಂತ ಕೇಳುವುದು. ಒಂದು ಸಲ ತಿರುಗಿ ಕುಟ್ಟಿದರೆ ಒಗ್ಗರಣೆ.”

ಆ ರಾತ್ರಿ ಊಟದ ಹೊತ್ತಿಗೆ ನಾನು ಬಂದ ಕೆಲಸದ ಮಾತು ಬಂತು. ಕತೆ ಹೇಳಿದೆ. ಜೊತೆಗೆ, ಎಲ್ಲರೂ ನಂಬಿದ್ದನ್ನೇ ನಾನೂ ಹೇಳಿದೆ: ಇದು ಲೇಖಕಿಯ ಸ್ವಂತ ಕತೆಯಂತೆ, ಆಕೆ ಹೀಗೆಯೇ ಮಕ್ಕಳನ್ನು ಬಿಟ್ಟು ಬಂದವಳಂತೆ. ಹಳೆಯ ಪುಸ್ತಕ ವಿಮರ್ಶೆಗಳಲ್ಲೆಲ್ಲ ಹಾಗೆಯೇ ಇತ್ತು.

ಆಲ್ವಿನ್ ಮೀನಿನ ಮುಳ್ಳು ಬಿಡಿಸುತ್ತ, “ಎಂತಹ ಹೆಂಗಸು ಮಾರಾಯ್ರೇ ಅವಳು! ಹೆತ್ತ ಮಕ್ಕಳನ್ನು ಬಿಟ್ಟು ಹೋಗುವುದಾ?” ಎಂದ.

ಲವೀನಾ ಎದ್ದು ಅನ್ನದ ಪಾತ್ರೆ ತರಲು ಹೋದಳು. ಅನ್ನದ ಪಾತ್ರೆ ಮೇಜಿನ ಮೇಲೆಯೇ ಇತ್ತು.

ದಾರಿ ತಪ್ಪಿ ಈಸ್ಟ್‌ಕೋಟ್

ಪಿನ್ನರ್‌ಗೆ ಹೋಗುವ ದಾರಿಯನ್ನು ಲವೀನಾ ಬಾಯಿಪಾಠ ಮಾಡಿಸಿದ್ದಳು. ಇಲ್ಫರ್ಡ್‌ನಿಂದ ಲಿವರ್‌ಪೂಲ್ ಸ್ಟ್ರೀಟಿಗೆ ರೈಲು, ಅಲ್ಲಿಂದ ಟ್ಯೂಬಿನ ಮೆಟ್ರೊಪಾಲಿಟನ್ ಲೈನ್. ಆದರೆ ಆ ಲೈನು ಹ್ಯಾರೋ ದಾಟಿದ ಮೇಲೆ ಕವಲೊಡೆಯುತ್ತದೆ ಎಂದು ಹೇಳಲು ಅವಳು ಮರೆತಿದ್ದಳು. ಡಬ್ಬಿ ತುಂಬ ಜನ, ಮಾತು ಮಾತ್ರ ಇಲ್ಲ. ನಮ್ಮ ಗದಗ ಪ್ಯಾಸೆಂಜರಿನಲ್ಲಿ ಆಗಿದ್ದರೆ ಹ್ಯಾರೋ ಬರುವಷ್ಟರಲ್ಲಿ ನನ್ನ ಕುಲ, ಗೋತ್ರ, ಇಳಿಯುವ ಊರು ಎಲ್ಲ ವಿಚಾರಣೆ ಆಗಿ, ‘ಬಾಯಾರ, ಈ ಗಾಡಿ ಅಲ್ರಿ’ ಎಂದು ಯಾರಾದರೂ ಇಳಿಸುತ್ತಿದ್ದರು. ಇಲ್ಲಿ ನನ್ನನ್ನು ಯಾರೂ ಏನೂ ಕೇಳದೆ ಗೌರವದಿಂದ ಈಸ್ಟ್‌ಕೋಟಿಗೆ ಒಯ್ದು ಬಿಟ್ಟರು.

ಸ್ಟೇಷನ್ನಿನ ಹೊರಗೆ ಜಿನುಗು ಮಳೆ. ನಾಯಿ ಹಿಡಿದುಕೊಂಡಿದ್ದ ಒಬ್ಬ ಮುದುಕನನ್ನು ಪಿನ್ನರ್ ಎತ್ತ ಎಂದು ಕೇಳಿದೆ. ಆತ ಮೊದಲು ‘ಸಾರಿ’ ಎಂದ. ತಪ್ಪು ರೈಲು ಹತ್ತಿದ್ದು ನಾನು, ಕ್ಷಮೆ ಕೇಳುವುದು ಆತ. ದಾರಿ ಹೇಳಿ, ನನ್ನ ಸೀರೆಯ ಅಂಚು ನೆನೆದದ್ದನ್ನು ನೋಡಿ ಇನ್ನೊಮ್ಮೆ ಸಾರಿ ಎಂದ. ನಡೆದೇ ಹೊರಟೆ. ಕತ್ತರಿಸಿ ಚೌಕ ಮಾಡಿದ ಗಿಡದ ಬೇಲಿಗಳು, ಮುಚ್ಚಿದ ಬಾಗಿಲುಗಳು. ರಸ್ತೆಗಳೆಲ್ಲ ಒಂದರ ಹಾಗೆ ಒಂದು. ತಲುಪುವಷ್ಟರಲ್ಲಿ ಹೇಳಿದ ಹೊತ್ತು ಮೀರಿ ಬಹಳವಾಗಿತ್ತು.

ಬಾಗಿಲು ತೆರೆದವರು ಗಂಡಸರ ಉಣ್ಣೆ ಕೋಟು ತೊಟ್ಟ ಎತ್ತರದ ಹೆಂಗಸು. ಅಗಲ ಅಂಗೈ. ಎಡಗೈಯ ತೋರುಬೆರಳಿಗೆ ತುದಿ ಇರಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಸಾರಿ ಎನ್ನಲಿಲ್ಲ.

“ಒದ್ದೆಯಾಗಿದ್ದೀಯ,” ಎಂದರು. “ಒಳಗೆ ಬಾ. ಒಲೆಯ ಹತ್ತಿರ ನಿಲ್ಲು.”

ಪಿನ್ನರ್, ಅಡುಗೆಮನೆ

ಅರ್ಲೀನ್ ಆಡಿದ್ದು ಎಳೆದೆಳೆದು ಮಾತಾಡುವ ಅಮೆರಿಕದ ಬಯಲುಸೀಮೆಯ ಇಂಗ್ಲಿಷ್. ಅದನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ. ಆ ಅಡುಗೆಮನೆಯಲ್ಲಿ ಒಂದು ಮೇಜು, ಅದರ ಒಂದು ತುದಿಯಲ್ಲಿ ಟೈಪ್‌ರೈಟರ್, ಇನ್ನೊಂದು ತುದಿಯಲ್ಲಿ ಈರುಳ್ಳಿ. ಒಂದು ಪಿಂಗಾಣಿ ತಟ್ಟೆಯನ್ನು ಬೋರಲು ಹಾಕಿ, ಅದರ ತಳಕ್ಕೆ ಚಾಕು ಮಸೆದು, ಈರುಳ್ಳಿ ಹೆಚ್ಚುತ್ತಲೇ ಅವರು ತಮ್ಮ ಕತೆ ಹೇಳಿದರು.

ತಂದೆ ಮಾಂಸದ ಕಾರ್ಖಾನೆಯಲ್ಲಿ ದನ ಕಡಿಯುವವರು. ಇವರು ಹದಿಹರೆಯದಲ್ಲೇ ಅದೇ ಕಾರ್ಖಾನೆಯ ಕತ್ತರಿಸುವ ಸಾಲಿಗೆ ಸೇರಿದರು. ಬೆರಳಿನ ತುದಿ ಅಲ್ಲಿಯೇ ಉಳಿಯಿತು. ಆಮೇಲೆ ಅದೇ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಆದರು. ಒಂಬತ್ತೇ ಬೆರಳಿನಲ್ಲಿ ಎಲ್ಲರಿಗಿಂತ ಬೇಗ ಟೈಪ್ ಮಾಡುತ್ತಿದ್ದೆ ಎಂದರು, ಇದೊಂದು ಮಾತನ್ನು ಮಾತ್ರ ಜಂಬದಿಂದ. ಟ್ರ್ಯಾಕ್ಟರ್ ಮಾರುವ ವಾಲ್ಟ್ ಎಂಬವರನ್ನು ಮದುವೆಯಾದರು. ಆಫೀಸು ಮುಗಿದ ಮೇಲೆ ಅಲ್ಲೇ ಕೂತು ಮೊದಲ ಕಾದಂಬರಿ ಬರೆದರು. ಅಜ್ಜಿಯ ತೋಟ, ಸೇಬು, ಹಿಮ. ನ್ಯೂಯಾರ್ಕಿನವರು ಅಚ್ಚು ಹಾಕಿದರು, ಊರಿನ ಚರ್ಚಿನಲ್ಲಿ ಸನ್ಮಾನವಾಯಿತು, ಕೇಕ್ ಕತ್ತರಿಸಿದರು.

“ಎರಡನೆಯದು ‘ಚಾಕುಗಳು’,” ಎಂದರು. “ನ್ಯೂಯಾರ್ಕಿನ ಸಂಪಾದಕ ನನ್ನನ್ನು ಊಟಕ್ಕೆ ಕರೆದ. ಒಳ್ಳೆಯ ಹೋಟೆಲು. ಸೂಪ್ ಬರುವ ಮೊದಲೇ ಹೇಳಿದ, ಆ ಹೆಂಗಸನ್ನು ಕೊಂದುಬಿಡು, ಇಲ್ಲ ಮನೆಗೆ ಕಳಿಸು. ಎರಡರಲ್ಲಿ ಯಾವುದಾದರೂ ಸರಿ ಅಂದ.”

“ನೀವೇನಂದಿರಿ?”

“ಸೂಪ್ ಕುಡಿದೆ. ಚೆನ್ನಾಗಿತ್ತು. ಎದ್ದು ಬಂದೆ.”

ಆ ಹಸ್ತಪ್ರತಿ ಊರೂರು ತಿರುಗಿತು. ಕೊನೆಗೆ ಯಾರೋ ಸಣ್ಣ ಮುದ್ರಕರು ಒರಟು ಕಾಗದದಲ್ಲಿ ಹೊರತಂದರು. ಸನ್ಮಾನ ಮಾಡಿದ್ದ ಅದೇ ಚರ್ಚಿನ ಹೆಂಗಸರು ತಾವು ಕೊಂಡ ಪ್ರತಿಗಳನ್ನು ತಂದು ಇವರ ಮನೆಯ ಮೆಟ್ಟಿಲ ಮೇಲೆ ಬಿಸಾಡಿ ಹೋದರು. ಸ್ವಂತ ತಂಗಿ ಮಾತು ಬಿಟ್ಟಳು.

“ಆ ಪುಸ್ತಕಗಳನ್ನು ಏನು ಮಾಡಿದಿರಿ?”

“ಒಂದರ ಮೇಲೊಂದು ಒಟ್ಟಿದೆ. ಕುರ್ಚಿಯಷ್ಟು ಎತ್ತರ ಆಯಿತು. ಅದರ ಮೇಲೆ ಕೂತು, ಬೀದಿಗೆ ಮುಖ ಮಾಡಿ, ಕಾಫಿ ಕುಡಿದೆ. ಇಡೀ ಬೇಸಿಗೆ.”

ಮುಂದೆ ವಾಲ್ಟ್ ತೀರಿಕೊಂಡರು. ಲಂಡನ್ನಿನ ಒಬ್ಬ ಹೆಂಗಸು ತನ್ನ ಪುಟ್ಟ ಪ್ರಕಾಶನದಿಂದ ‘ಚಾಕುಗಳು’ ಪ್ರಕಟಿಸಿ ಇವರನ್ನು ಓದಲು ಕರೆಸಿದಳು. ಬಂದವರು ಹಿಂತಿರುಗಲಿಲ್ಲ. ಪಿನ್ನರ್‌ನ ಸಂಗೀತ ಮೇಷ್ಟರೊಬ್ಬರನ್ನು ಮದುವೆಯಾದರು. ಈಗ ಅವರೂ ಇಲ್ಲ. ಇಲ್ಲಿಗೆ ಬಂದ ಮೇಲೂ ಅರ್ಲೀನ್ ಕಾದಂಬರಿಗಳನ್ನು ಬರೆಯುತ್ತಲೇ ಹೋದರು. ಪ್ರತಿಯೊಂದನ್ನೂ ಹಿಂದಿನದಕ್ಕಿಂತ ಕಡಿಮೆ ಜನ ಓದಿದರು. ಹೊಟ್ಟೆಪಾಡಿಗೆ ಬೇರೆಯವರ ಹಸ್ತಪ್ರತಿ ಟೈಪ್ ಮಾಡಿದರು, ಸಂಜೆ ತರಗತಿಗಳಲ್ಲಿ ಪಾಠ ಮಾಡಿದರು. ಎಲ್ಲ ಪುಸ್ತಕಗಳೂ ಅಂಗಡಿಯಿಂದ ಮಾಯವಾದವು. ಈಗ, ಇಷ್ಟು ಕಾಲದ ಮೇಲೆ, ಲಂಡನ್ನಿನ ದೊಡ್ಡ ಪ್ರಕಾಶಕರು ‘ಚಾಕುಗಳು’ ಮರುಮುದ್ರಣಕ್ಕೆ ಕೇಳಿದ್ದಾರೆ ಎಂದರು. ಅವರ ಸಂಪಾದಕ ಇನ್ನೇನು ಬರುತ್ತಾನೆ.

ಬಂದ. ಒಲಿವರ್ ಎಂಬ ಮೃದು ಮಾತಿನ ಯುವಕ. ಕೈಯಲ್ಲಿ ನಿಂಬೆ ಕೇಕ್. ನನ್ನನ್ನು ಕಂಡು ನಿಜವಾಗಿಯೂ ಸಂತೋಷಪಟ್ಟ. ಅವನು ಆ ಪುಸ್ತಕವನ್ನು ಪ್ರೀತಿಸುತ್ತಿದ್ದ, ಅದರಲ್ಲಿ ಸುಳ್ಳಿರಲಿಲ್ಲ. ಚಹಾ ಆದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ.

“ಅರ್ಲೀನ್, ಒಂದು ಪುಟದ ಮುನ್ನುಡಿ. ಅಷ್ಟೇ ನಾವು ಕೇಳುವುದು. ಕೊನೆಯನ್ನು ಮುಟ್ಟುವುದಿಲ್ಲ. ನಾನು ಅಮೆರಿಕದಲ್ಲಿ ನಿಮ್ಮ ತಂಗಿಯ ಮಗಳ ಜೊತೆ ಮಾತಾಡಿದೆ. ನಿಮಗೆ ಮಕ್ಕಳೇ ಇರಲಿಲ್ಲ. ನಿಮ್ಮ ಮೊದಲ ಗಂಡ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು, ನೀವು ಕೊನೆಯವರೆಗೂ ನೋಡಿಕೊಂಡಿರಿ. ಜನ ಇಷ್ಟು ವರ್ಷ ನಿಮ್ಮನ್ನು ಏನೆಂದುಕೊಂಡಿದ್ದಾರೆ! ಇದು ಗೊತ್ತಾದರೆ ಓದುಗರಿಗೆ ನಿಮ್ಮ ಮೇಲೆ ಪ್ರೀತಿ ಬರುತ್ತದೆ. ಇದು ನಿಜ ತಾನೇ?”

ನನ್ನ ಕೈಯಲ್ಲಿದ್ದ ಕೇಕ್ ತಟ್ಟೆಗೆ ಬಿತ್ತು. ಬಿಟ್ಟು ಬಂದವಳು ಎಂದು ನಾನೇ ಇಲ್ಫರ್ಡ್‌ನಲ್ಲಿ ಸಾರಿ ಬಂದಿದ್ದೆ.

“ನಿಜ,” ಎಂದರು ಅರ್ಲೀನ್. “ಹಾಕಕೂಡದು.”

“ಯಾಕೆ?”

“ನಾನು ಅವಳಲ್ಲ, ನಾನು ಒಳ್ಳೆಯವಳು ಅಂತ ಪುಸ್ತಕದ ಬಾಗಿಲಲ್ಲೇ ನಿಂತು ಹೇಳಲಾ? ಹಾಗೆ ಹೇಳಿದರೆ ಐರಿಸ್ ಒಬ್ಬಳೇ ಆಗುತ್ತಾಳೆ. ಜನ ಕಲ್ಲು ಹೊಡೆಯುವಾಗ ಅವಳ ಪಕ್ಕದಲ್ಲಿ ನಿಂತಿದ್ದವಳು ನಾನೊಬ್ಬಳೇ.”

“ಮುನ್ನುಡಿ ಇಲ್ಲದಿದ್ದರೆ ಮೇಲಿನವರು ಒಪ್ಪುವುದಿಲ್ಲ, ಅರ್ಲೀನ್. ಇನ್ನೊಂದು ಅವಕಾಶ ಬರಲಿಕ್ಕಿಲ್ಲ.”

“ಗೊತ್ತು. ಕೇಕ್ ಚೆನ್ನಾಗಿದೆ.”

ಒಲಿವರ್ ಮುಖ ಕೆಂಪಾಗಿ ಹೋಯಿತು. ಶನಿವಾರ ಚರ್ಚಿನ ಹಾಲಿನಲ್ಲಿ ಅವರ ಓದು ಕೇಳಲು ಖಂಡಿತ ಬರುತ್ತೇನೆ, ಅಷ್ಟರಲ್ಲಿ ಯೋಚಿಸಿ ಎಂದು ಕೈ ಮುಗಿಯುವವನ ಹಾಗೆ ಹೇಳಿ ಹೋದ.

ಅರ್ಲೀನ್ ಉಳಿದ ಈರುಳ್ಳಿ ಹೆಚ್ಚಿ ಮುಗಿಸಿದರು. ಆಮೇಲೆ ಅವರಾಗಿಯೇ ಹೇಳಿದರು. ‘ಚಾಕುಗಳು’ ಬರೆದದ್ದು ವಾಲ್ಟ್ ಮಂಚದ ಪಕ್ಕದಲ್ಲೇ. ಬರೆದ ಪುಟವನ್ನೆಲ್ಲ ಅವರಿಗೆ ಓದಿ ಹೇಳುತ್ತಿದ್ದರು. ಕೊನೆಗೆ ಬರುವಾಗ ಇವರಿಗೇ ಧೈರ್ಯ ಸಾಲದೆ, ಐರಿಸ್ ಹಿಂತಿರುಗಿ ಬರುವ ಹಾಗೆ ಬರೆದಿದ್ದರಂತೆ. ಕುತ್ತಿಗೆ ಕೂಡ ತಿರುಗಿಸಲಾಗದ ವಾಲ್ಟ್ ಅದನ್ನು ಕೇಳಿ ಸಿಟ್ಟಾದರು.

“ಹರಿದು ಹಾಕು ಅಂದ. ಈ ಮನೆಯಿಂದ ಒಬ್ಬರಾದರೂ ಹೊರಗೆ ಹೋಗಲಿ ಅಂದ.”

ಅರ್ಲೀನ್ ಕಣ್ಣಲ್ಲಿ ನೀರು ಇರಲಿಲ್ಲ. ಈರುಳ್ಳಿಗೂ ಬಂದಿರಲಿಲ್ಲ.

“ಇದನ್ನು ಬರೆಯಬಹುದೇ?” ಎಂದೆ.

“ಬೇರೆ ಎಲ್ಲಿ ಬೇಕಾದರೂ ಬರಿ. ಆ ಪುಸ್ತಕದ ರಟ್ಟಿನೊಳಗೆ ಮಾತ್ರ ಬೇಡ. ಈಗ ಹೇಳು, ನೀನು ಏನು ಕೇಳಲು ಬಂದೆ?”

ಹೇಳದೆ ವಿಧಿಯಿರಲಿಲ್ಲ. ಹೇಳಿದೆ. ಬಸ್ಸು, ಕಣ್ಣೀರು ಎರಡನ್ನೂ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕೈ ಒರೆಸಿಕೊಂಡು ನನ್ನೆದುರು ಕೂತರು.

“ಕನ್ನಡ ನನಗೆ ಓದಲು ಬರುವುದಿಲ್ಲ. ನೀನು ಬದಲಿಸಿದರೆ ನನಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಅನುಮತಿಯ ಮಾತು ಬಿಡು. ನನಗೆ ಒಂದೇ ಹೇಳು. ನಿಮ್ಮ ಊರಿನ ಹೆಂಗಸರಿಗೆ ಹಸಿವಾಗುವುದಿಲ್ಲವೇ?”

ಮತ್ತೆ ಇಲ್ಫರ್ಡ್

ಮರುದಿನ ಲವೀನಾ ಕೆಲಸದಿಂದ ಬೇಗ ಬಂದಿದ್ದಳು. ನಾನು ಏಳುವ ಮೊದಲೇ ನನ್ನ ಕನ್ನಡ ಹಸ್ತಪ್ರತಿಯನ್ನು ಕೇಳದೆಯೇ ಚೀಲದಿಂದ ತೆಗೆದುಕೊಂಡು ಹೋಗಿದ್ದಳಂತೆ. ಶಾಲೆಯ ಅಡುಗೆಮನೆಯಲ್ಲಿ, ಮಕ್ಕಳಿಗೆ ಆಲೂಗಡ್ಡೆ ಬೇಯುವಾಗ, ಕೊನೆಯ ಭಾಗ ಓದಿದ್ದಳು. ಹಾಳೆಗಳ ಮೇಲೆ ಹಿಟ್ಟು ಅಂಟಿತ್ತು.

“ಇದನ್ನು ಬದಲು ಮಾಡ್ತೀಯಾ ನೀನು?” ಎಂದಳು. ಬೇಸಿನ್ನಿನ ಎದುರು ನಿಂತಿದ್ದಳು, ಕೋಟು ತೆಗೆದಿರಲಿಲ್ಲ.

“ಇನ್ನೂ ಗೊತ್ತಿಲ್ಲ ಲವೀ. ಪ್ರಕಾಶಕರು ಒಪ್ಪವಲ್ರು.”

“ಮಾಡಿದರೆ ಈ ಮನೆಗೆ ಬರ್ಬೇಡ.”

ನಾನು ನಗಲು ನೋಡಿದೆ. ಅವಳು ನಗುತ್ತಿರಲಿಲ್ಲ.

ಲವೀನಾ ಮೊದಲು ಒಬ್ಬಳೇ ಲಂಡನ್ನಿಗೆ ಬಂದವಳು ಎಂದು ನನಗೆ ಗೊತ್ತಿತ್ತು. ರೀನಾ ಆಗ ಎಷ್ಟು ಚಿಕ್ಕವಳು ಎಂದು ನಾನು ಲೆಕ್ಕ ಹಾಕಿರಲಿಲ್ಲ. ಹಾಲು ಬಿಡಿಸಿದ ಕೂಸನ್ನು ತನ್ನ ತಾಯಿಯ ಹತ್ತಿರ ಬಿಟ್ಟು, ವೃದ್ಧಾಶ್ರಮವೊಂದರಲ್ಲಿ ಮುದುಕಿಯರಿಗೆ ಸ್ನಾನ ಮಾಡಿಸುವ ಕೆಲಸಕ್ಕೆ ಬಂದಿದ್ದಳು. ಆಲ್ವಿನ್‌ಗೆ ಆಗ ಊರಿನಲ್ಲಿ ಕೆಲಸವಿರಲಿಲ್ಲ. ಮೂರು ವರ್ಷ ಅವಳು ಮಗುವಿನ ಮುಖ ನೋಡಲಿಲ್ಲ.

“ಆಗ ಯಾರೂ ಎಂತದೂ ಹೇಳ್ಲಿಲ್ಲ, ಗೊತ್ತುಂಟಾ?” ಎಂದಳು. “ಚರ್ಚಿನಲ್ಲಿ ಪಾದ್ರಿಯವರು ಹೊಗಳಿದ್ರು. ಮನೆಗೋಸ್ಕರ ತ್ಯಾಗ ಮಾಡಿದ್ಳು ಅಂತ. ನಾನು ಅಳ್ತಾ ಇದ್ದೇನೆ ಅಂತ ಎಲ್ರಿಗೂ ಗ್ಯಾರಂಟಿ. ಕಾಗದದಲ್ಲಿ ನಾನೂ ಹಾಗೇ ಬರೆದು ಹಾಕ್ತಿದ್ದೆ.”

ಬಾಗಿಲಲ್ಲಿ ಆಲ್ವಿನ್ ನಿಂತಿದ್ದ. ಯಾವಾಗ ಬಂದನೋ. “ಅದು ಬೇರೆ, ಇದು ಬೇರೆ ಲವೀನಾ,” ಎಂದ. “ನೀನು ನಮಗೋಸ್ಕರ ಹೋದದ್ದು.”

“ಟಿಕೆಟ್ ತೆಗೆದದ್ದು ನಿಮಗೋಸ್ಕರ. ವಿಮಾನ ಹತ್ತಿದ ಮೇಲೆ ನನಗೆಂತ ಆಯ್ತು ಅಂತ ಒಂದು ದಿನ ಕೇಳಿದ್ದೀರಾ ನೀವು?”

ಶನಿವಾರ ನಾನೂ ಪಿನ್ನರ್‌ಗೆ ಬರುತ್ತೇನೆ, ರೀನಾಳನ್ನೂ ಕರೆತರುತ್ತೇನೆ ಎಂದು ಲವೀನಾ ನನಗೆ ಹೇಳಿದಳು. ಆಲ್ವಿನ್‌ಗೆ ಕೇಳುವಷ್ಟು ಜೋರಾಗಿಯೇ ಹೇಳಿದಳು.

ಪಿನ್ನರ್, ಚರ್ಚಿನ ಹಾಲ್

ಊರಿನ ಓದುಗರ ಬಳಗದ ಸಭೆ. ಪ್ಲಾಸ್ಟಿಕ್ ಕುರ್ಚಿಗಳು, ದೊಡ್ಡ ಹಂಡೆಯಲ್ಲಿ ಚಹಾ, ತಟ್ಟೆಯಲ್ಲಿ ಬಿಸ್ಕತ್ತು. ಒಬ್ಬೊಬ್ಬರೂ ಒಂದೇ ಬಿಸ್ಕತ್ತು ತೆಗೆದುಕೊಂಡರು. ನಮ್ಮ ಕಡೆ ಪುಸ್ತಕ ಬಿಡುಗಡೆಯಲ್ಲಿ ಉಪ್ಪಿಟ್ಟು ಮುಗಿದ ಮೇಲೂ ಕೂತಿರುವವರು ಎಷ್ಟು ಜನವೋ ಇಲ್ಲಿ ಒಟ್ಟು ಅಷ್ಟೇ ಜನ. ಹಿಂದಿನ ಸಾಲಿನಲ್ಲಿ ಒಲಿವರ್. ಅವನ ಮುಂದೆ ನಾವು ಮೂವರು, ರೀನಾ ಕಿವಿಗೆ ಹಾಡಿನ ತಂತಿ ಸಿಕ್ಕಿಸಿಕೊಂಡು.

ಅರ್ಲೀನ್ ಪೀಠಿಕೆ ಇಲ್ಲದೆ ಎದ್ದು ನಿಂತು ಕೊನೆಯ ಅಧ್ಯಾಯ ಓದಿದರು. ಅಡುಗೆಮನೆಯಲ್ಲಿ ಎಳೆದು ಆಡುತ್ತಿದ್ದ ಆ ದನಿ ಇಲ್ಲಿ ಗರಗಸದ ಹಾಗೆ ಹೋಯಿತು. ಓದು ಮುಗಿದು ಪುಸ್ತಕ ಮುಚ್ಚುವ ಹೊತ್ತಿಗೆ ರೀನಾ ತಂತಿ ತೆಗೆದಿದ್ದಳು.

ಮುತ್ತಿನ ಸರ ಹಾಕಿದ್ದ ಹಿರಿಯ ಹೆಂಗಸೊಬ್ಬರು ಕೈ ಎತ್ತಿದರು. ಅವರು ಕೆಟ್ಟವರೇನಲ್ಲ. ಬಾಗಿಲಲ್ಲಿ ನನ್ನ ಒದ್ದೆ ಕೊಡೆ ಇಸಿದುಕೊಂಡವರು ಅವರೇ.

“ನಾನು ನಿಮ್ಮ ಪುಸ್ತಕವನ್ನು ಎರಡು ಸಲ ಓದಿದೆ,” ಎಂದರು. “ಎರಡೂ ಸಲ ನಿಮ್ಮನ್ನು ಕ್ಷಮಿಸಲು ನನ್ನಿಂದ ಆಗಲಿಲ್ಲ.”

“ಎರಡು ಸಲ ಓದಿದ್ದಕ್ಕೆ ಥ್ಯಾಂಕ್ಸ್,” ಎಂದರು ಅರ್ಲೀನ್. “ಕ್ಷಮೆ ಬೇಡ.”

“ನಿಮ್ಮ ಮಕ್ಕಳು ಈಗ ನಿಮ್ಮೊಡನೆ ಮಾತಾಡುತ್ತಾರೆಯೇ?”

ಹಿಂದೆ ಕುರ್ಚಿ ಸರಿದ ಸದ್ದು. ಒಲಿವರ್ ಎದ್ದಿದ್ದ, ಬಾಯಿ ತೆರೆದಿದ್ದ. ಒಂದೇ ವಾಕ್ಯ ಸಾಕಿತ್ತು. ಆ ಸಭೆಯ ಎಲ್ಲರೂ ಎದ್ದು ಬಂದು ಅರ್ಲೀನ್ ಕೈ ಹಿಡಿದುಕೊಳ್ಳುತ್ತಿದ್ದರು. ಅರ್ಲೀನ್ ಅವನನ್ನು ನೋಡಿದರು, ಅಷ್ಟೇ. ಅವನು ಕೂತ. ಆಮೇಲೆ ಅವರು ಮುತ್ತಿನ ಸರದವರ ಕಡೆ ತಿರುಗಿ ಹೇಳಿದರು: “ನೀವು ಓದಿದ್ದು ಐರಿಸ್ ಕತೆ. ಅವಳು ಏನು ತಿಂದಳೆಂದು ಕೇಳಿ, ಹೇಳುತ್ತೇನೆ.”

ಅಷ್ಟರಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯಾಯಿತು. ಲವೀನಾ ನಿಂತಿದ್ದಳು. ಇಂಗ್ಲಿಷಿನಲ್ಲೇ ಮಾತಾಡಿದಳು, ಉಡುಪಿ ಕಡೆಯ ಉಚ್ಚಾರವನ್ನು ಸ್ವಲ್ಪವೂ ಅಡಗಿಸದೆ.

“ಎಕ್ಸ್‌ಕ್ಯೂಸ್ ಮಿ ಮೇಡಂ. ನಾನು ಬಿಟ್ಟು ಬಂದವಳು. ನನ್ನ ಮಗಳು ಇಲ್ಲೇ ಕೂತಿದ್ದಾಳೆ. ಅವಳು ಮಾತು ಕಲಿತದ್ದನ್ನು ನಾನು ಕೇಳಲಿಲ್ಲ. ಆಗ ನಾನು ಇದೇ ಊರಿನಲ್ಲಿ, ನಿಮ್ಮಂಥವರ ಅಮ್ಮಂದಿರಿಗೆ ಸ್ನಾನ ಮಾಡಿಸುತ್ತಿದ್ದೆ. ಅವರ ಮಕ್ಕಳು ಭಾನುವಾರ ಬರುತ್ತಿದ್ದರು, ನೀನು ಇರುವುದು ನಮ್ಮ ಪುಣ್ಯ ಎನ್ನುತ್ತಿದ್ದರು. ನಿನ್ನ ಮಗು ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ಕ್ಷಮಿಸಬೇಕೋ ಬೇಡವೋ ಅಂತಲೂ ಕೇಳಲಿಲ್ಲ.”

ಕೂತಳು. ಮುಖ ನೆಟ್ಟಗೆ ಇತ್ತು. ಅರ್ಲೀನ್ ವೇದಿಕೆಯಿಂದ ಇಳಿದು, ಬಿಸ್ಕತ್ತಿನ ತಟ್ಟೆಯನ್ನು ಇಡಿಯಾಗಿ ಎತ್ತಿಕೊಂಡು ಬಂದು ಲವೀನಾಳ ಮಡಿಲಲ್ಲಿಟ್ಟರು.

ಮೆಟ್ರೊಪಾಲಿಟನ್ ಲೈನ್

ವಾಪಸ್ ಬರುವಾಗ ರೈಲು ಖಾಲಿ ಇತ್ತು. ರೀನಾ ಎದುರು ಸೀಟಿನಲ್ಲಿ ಕೂತು ಕಿಟಕಿ ನೋಡುತ್ತಿದ್ದಳು. ವೆಂಬ್ಲಿ ದಾಟಿದ ಮೇಲೆ ಕೇಳಿದಳು.

“ಅಮ್ಮ, ಡಿಡ್ ಯು ಕ್ರೈ?”

“ಮೊದಲು ಅತ್ತೆ. ಬಹಳ ಅತ್ತೆ. ಮತ್ತೆ ನಿಂತಿತು.”

“ಆ್ಯಂಡ್ ದೆನ್?”

ಲವೀನಾ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಈ ಮಾತಿನಲ್ಲಿ ನನಗೆ ಜಾಗವಿರಲಿಲ್ಲ.

“ಮತ್ತೆ ನಿದ್ದೆ ಬಂತು,” ಎಂದಳು. “ನನ್ನದೇ ಒಂದು ರೂಮು ಇತ್ತು. ಚಿಕ್ಕದು. ಬಾಗಿಲು ಹಾಕಿಕೊಂಡರೆ ಯಾರೂ ಕರೀತಿರಲಿಲ್ಲ. ಊಟ ಸೇರ್ತಿತ್ತು. ಭಾನುವಾರ ಬಸ್ ಹತ್ತಿ ಕೊನೇ ಸ್ಟಾಪಿನವರೆಗೆ ಸುಮ್ಮನೆ ಹೋಗಿ ಬರ್ತಿದ್ದೆ. ನಿನ್ನ ನೆನಪು ಇಲ್ಲ ಅಂತಲ್ಲ ರೀನಾ. ನೆನಪೂ ಇತ್ತು, ಖುಷಿಯೂ ಇತ್ತು. ಸುಳ್ಳು ಹೇಳುವುದಿಲ್ಲ ನಾನು.”

ರೀನಾಳ ಕಣ್ಣು ಕೆಂಪಾಗಿತ್ತು. ಸಿಟ್ಟೋ, ದುಃಖವೋ ಹೇಳಲಾರೆ. “ದ್ಯಾಟ್ಸ್ ನಾಟ್ ಫೇರ್,” ಎಂದಳು.

“ಹೌದು, ಫೇರ್ ಅಲ್ಲ,” ಎಂದಳು ಲವೀನಾ.

ಬೇಕರ್ ಸ್ಟ್ರೀಟಿನಲ್ಲಿ ಒಬ್ಬ ಕುಡುಕ ಹತ್ತಿ ನಮ್ಮ ಹತ್ತಿರ ಬಂದು ನಿಂತ. ರೀನಾ ಎದ್ದು ಬಂದು ತಾಯಿಯ ಪಕ್ಕದಲ್ಲಿ ಕೂತಳು. ಅವನು ಇಳಿದು ಹೋದ ಮೇಲೂ ತನ್ನ ಹಳೆಯ ಸೀಟಿಗೆ ಹೋಗಲಿಲ್ಲ.

ಮರುದಿನ ಇಲ್ಫರ್ಡ್‌ನ ಅಂಗಡಿಯಲ್ಲಿ ಫೋನ್ ಕಾರ್ಡ್ ತೆಗೆದುಕೊಂಡು ಬೆಂಗಳೂರಿಗೆ ಮಾತಾಡಿದೆ. ಪ್ರಕಾಶಕರು ಪರ್ಮಿಷನ್ ಸಿಕ್ತಾ ಎಂದರು.

“ಪರ್ಮಿಷನ್ ಮಾತ ಬಿಟ್ಟೀನ್ರಿ,” ಎಂದೆ. “ಕೊನೀ ಪುಟ ಹ್ಯಾಂಗ ಐತಿ ಹಂಗ ಇರತೈತಿ.”

“ಹಾಗಾದ್ರೆ ನಮ್ಮಿಂದ ಆಗಲ್ಲ ಮೇಡಂ. ಬೇಜಾರ್ ಮಾಡ್ಕೋಬೇಡಿ.”

“ಬ್ಯಾಡ ಬಿಡ್ರಿ.”

ಫೋನಿಟ್ಟೆ. ವರ್ಷಗಳ ರಜೆಗಳು ಆ ಹಸ್ತಪ್ರತಿಯಲ್ಲಿದ್ದವು. ಆದರೂ ಆ ಮಧ್ಯಾಹ್ನ ಇಲ್ಫರ್ಡ್ ಪೇಟೆಯಲ್ಲಿ ನಾನು ಒಬ್ಬಳೇ ನಡೆದಾಡಿದೆ, ನಿಂತು ಸುಟ್ಟ ಗೋವಿನಜೋಳದ ತೆನೆಯೊಂದನ್ನು ತಿಂದೆ.

ಹುಬ್ಬಳ್ಳಿ

ಲಂಡನ್ನಿನ ಮರುಮುದ್ರಣ ಬರಲಿಲ್ಲ. ಒಲಿವರ್ ತನ್ನ ಮೇಲಿನವರೊಡನೆ ಬಹಳ ಹೋರಾಡಿದನಂತೆ. ಅರ್ಲೀನ್ ಮುನ್ನುಡಿ ಕೊಡಲಿಲ್ಲ, ಅವರು ಪುಸ್ತಕ ಮಾಡಲಿಲ್ಲ. ಕನ್ನಡದ್ದು ಮಾತ್ರ, ಹಲವರು ವಾಪಸ್ ಕಳಿಸಿದ ಮೇಲೆ, ಗದಗಿನ ಒಂದು ಸಣ್ಣ ಪ್ರೆಸ್ಸಿನವರಿಂದ ಹೊರಬಂತು. ಕಾಗದ ಒರಟು, ಅಕ್ಷರಗಳು ಅಲ್ಲಲ್ಲಿ ಮಸಿ ಕುಡಿದಿವೆ. ಕೊನೆಯ ಪುಟ ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲದೆ ಇದೆ. ಒಂದು ಪ್ರತಿಯನ್ನು ಪಿನ್ನರ್‌ಗೆ ಕಳಿಸಿದೆ, ಇನ್ನೊಂದನ್ನು ಇಲ್ಫರ್ಡ್‌ಗೆ.

ತಲುಪಿತೋ ಇಲ್ಲವೋ ಕೇಳಲು ಒಂದು ಸಂಜೆ ಕೊಪ್ಪೀಕರ ರಸ್ತೆಯ ಎಸ್‌ಟಿಡಿ ಬೂತಿಗೆ ಹೋಗಿ ಅರ್ಲೀನ್‌ಗೆ ಫೋನ್ ಹಚ್ಚಿದೆ. ಹೊರಗೆ ಸರದಿಯಲ್ಲಿ ಜನ. ಪುಸ್ತಕ ಮುಂದಿಟ್ಟುಕೊಂಡೇ ಕೂತಿದ್ದೇನೆ ಎಂದರು. ಅಕ್ಷರಗಳು ಗುಂಡಗಿವೆ, ಒಳ್ಳೆಯ ಊಟ ಮಾಡಿದವರ ಹಾಗೆ ಕಾಣುತ್ತವೆ ಎಂದರು. ಆಮೇಲೆ, “ಕೊನೆಯ ಪುಟ ಓದು. ನಿನ್ನ ಭಾಷೆಯಲ್ಲಿ,” ಎಂದರು.

ಬೂತಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಹೊರಗೆ ನನ್ನ ಕಾಲೇಜಿನ ಗುಮಾಸ್ತರೊಬ್ಬರು ನಿಂತಿದ್ದರು. ನಾನು ದನಿ ತಗ್ಗಿಸಿ, ರಿಸೀವರಿಗೆ ಕೈ ಅಡ್ಡ ಹಿಡಿದು ಓದತೊಡಗಿದೆ.

“ಕೇಳುವುದಿಲ್ಲ,” ಎಂದರು ಅರ್ಲೀನ್. “ಅದು ಪಿಸುಗುಟ್ಟುವ ಪುಟ ಅಲ್ಲ. ಜೋರಾಗಿ ಓದು.”

ಎದ್ದು ನಿಂತು ಮೊದಲಿನಿಂದ ಓದಿದೆ. ಸರದಿಯವರು ತಿರುಗಿ ನೋಡಿದರು. ಗುಮಾಸ್ತರು ಹತ್ತಿರ ಬಂದರು. ಬೂತಿನ ಮಾಲೀಕರು ಬಾಗಿಲು ತಳ್ಳಿ ತಲೆ ಒಳಗೆ ಹಾಕಿ, “ಏನ್ರೀ ಅಕ್ಕಾರ, ಜಗಳ ನಡದೈತೇನ್ರಿ?” ಎಂದರು.

“ಹೌದ್ರಿ, ಇನ್ನ ಸ್ವಲ್ಪ ಐತಿ,” ಎಂದು ಬಾಗಿಲನ್ನು ಹಾಗೆಯೇ ತೆರೆದಿಟ್ಟು ಮುಂದಿನ ಸಾಲು ಓದಿದೆ.